ಕಾಟೇರಿ ಕಟ್ಟಿದ ತಾಳಿ

ನನ್ನನ್ನು ನೋಡಲು ಬಂದ ಹುಡುಗನಿಗೆ ಒಂದು ಕೋರೆಹಲ್ಲು ತುಟಿಯಾಚೆ ಇಣುಕುತ್ತಿತ್ತು. ಬಾಯಿ ಬಿಡಬೇಡವೆಂದು ಹೇಳಿಯೇ ಅವನ ತಾಯಿ ಮತ್ತು ಅಕ್ಕ ಅವನನ್ನು ಕರೆತಂದಿದ್ದರಂತೆ. ನಾನು ಕಾಫಿ ಕೊಡುವಾಗ ಅವನ ಪಂಚೆಯ ಮೇಲೆ ಅರ್ಧ ಲೋಟ ಚೆಲ್ಲಿದೆ. ಅವನು ನಕ್ಕುಬಿಟ್ಟ. ನನಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ, ಮದುವೆಯಾದರೆ ಇವನನ್ನೇ ಎಂದು ಅವ್ವನಿಗೆ ಹೇಳಿದೆ. ಹೆಣ್ಣುಮಕ್ಕಳು ಹಾಗೆಲ್ಲ ಹೇಳುವ ಕಾಲವಲ್ಲ ಅದು. ನನ್ನ ಬಾಯಿಗೆ ಮಾತ್ರ ಕಾಲದ ಪರಿವೆ ಇರಲಿಲ್ಲ.

ಅವರದೂ ನಮ್ಮ ಹಾಗೆ ಮಗ್ಗದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕೊಯಮತ್ತೂರಿನಲ್ಲಿ ಆಗಷ್ಟೇ ಮಾತಾಡುವ ಸಿನಿಮಾ ತೆಗೆಯಲು ಶುರುಮಾಡಿದ್ದರು. ಒಂದು ಕಂಪನಿಗೆ ಸೀರೆ ಕೊಟ್ಟುಬರಲು ಹೋದ ಇವನ ಹಲ್ಲನ್ನು ನೋಡಿ ಅಲ್ಲಿಯವರು ಮರುಳಾದರು. ಭಜನೆಯಲ್ಲಿ ಹಾಡಿದ ಗಂಟಲೂ ಇತ್ತು. ಹಿಡಿದು ನಾಯಕನ ವೇಷ ಹಾಕಿಸಿದರು.

ಕಥೆ ತಮಾಷೆಯದು. ರಕ್ತ ಕುಡಿಯುವ ಕಾಟೇರಿಗಳಿಬ್ಬರು, ಒಂದು ಗಂಡು, ಒಂದು ಹೆಣ್ಣು, ಸುಡುಗಾಡು ಬೇಸರವಾಗಿ ಪಟ್ಟಣಕ್ಕೆ ಬಂದು ಅಕ್ಕಪಕ್ಕದಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ಬಿಸಿಲು ತಾಗಿದರೆ ಬೂದಿಯಾಗುವವರು. ಅದಕ್ಕೇ ಅವನು ಹತ್ತಿಗಿರಣಿಯಲ್ಲಿ ರಾತ್ರಿ ಪಾಳಿಯನ್ನೇ ಕೇಳಿ ಪಡೆಯುತ್ತಾನೆ. ಅವಳು ಮನೆಯೊಡೆಯನ ದಪ್ಪ ಕುತ್ತಿಗೆ ಕಂಡು ಬಾಯಲ್ಲಿ ನೀರೂರಿದಾಗಲೆಲ್ಲ ಎಲೆಯಡಿಕೆ ಹಾಕಿಕೊಳ್ಳುತ್ತಾಳೆ. ಇಬ್ಬರಿಗೂ ಪ್ರೀತಿಯಾಗುತ್ತದೆ. ಇದನ್ನೆಲ್ಲ ಹುಡುಗನ ಕಡೆಯವರೇ ನಮ್ಮ ಜಗಲಿಯಲ್ಲಿ ಕೂತು ಹೇಳಿ ನಗಿಸಿದ್ದರು. ವೇಷ ತಾನೆ ಎಂದು ಅಪ್ಪ ಒಪ್ಪಿ, ತಾಂಬೂಲ ಬದಲಿಸಲು ಒಳ್ಳೆಯ ದಿನವನ್ನೂ ನೋಡಿಟ್ಟರು.

ಅಷ್ಟರಲ್ಲಿ ಸಿನಿಮಾ ಬಂತು. ನಮ್ಮ ಸೋದರಮಾವ ಅದನ್ನು ನೋಡಿಕೊಂಡು ನೇರವಾಗಿ ನಮ್ಮ ಮನೆಗೆ ಬಂದ. ಹುಡುಗ ಅದರಲ್ಲಿ ತಾಳಿ ಕಟ್ಟಿದ್ದಾನೆ, ಮಂತ್ರ ಹೇಳಿದವರು ನಿಜವಾದ ಪುರೋಹಿತರು, ಅರಿಸಿನದ ದಾರವೂ ನಿಜದ್ದೇ ಎಂದ. ಅಪ್ಪ ಮಗ್ಗದ ಗುಳಿಯಿಂದ ಎದ್ದು ಬಂದರು.

"ಆಟಕ್ಕೆ ಕಟ್ಟಿದ್ರೂ ತಾಲಿ ತಾಲಿ ತಾನೆ. ನನ್ ಮಗಳ್ನ ರೆಂಡಾಂತಾರವಾಗಿ ಕೊಡೋದಿಲ್ಲ" ಎಂದರು. ಎರಡನೆಯ ಹೆಂಡತಿಯಾಗಿ ಎಂದು.

ಈಗ ನಗು ಬರುತ್ತದೆ. ಆಗ ನಮ್ಮ ಬೀದಿಯಲ್ಲಿ ಯಾರೂ ನಗಲಿಲ್ಲ. ಕೂತ್ತು, ಅಂದರೆ ಬಯಲಾಟ, ಆಡುವವರು ಕೂಡ ತಾಳಿಯ ಘಟ್ಟ ಬಂದರೆ ಹಾಡಿನಲ್ಲೇ ಮುಗಿಸಿ ಮುಂದೆ ಹೋಗುತ್ತಿದ್ದರು. ನಿಜವಾದ ದಾರವನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾನು ಮಾತ್ರ ಕೆಂಡವಾದೆ. ಕಾಟೇರಿ ಎನ್ನುವ ಹೆಂಗಸು ಈ ಲೋಕದಲ್ಲೇ ಇಲ್ಲ, ಇಲ್ಲದವಳಿಗೆ ಹೇಗೆ ಮದುವೆಯಾಯಿತು ಎಂದು ಕೇಳಿದೆ. ವೇಷ ಹಾಕಿದವಳಿಗೆ ಕುತ್ತಿಗೆ ಇತ್ತಲ್ಲ ಎಂದರು ಅಪ್ಪ. ಅವತ್ತು ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ. ಆ ಹುಡುಗ ಕೈತಪ್ಪಿ ಹೋಗುತ್ತಾನೆಂದು ಅತ್ತೆ, ಬೇರೆ ಯಾವುದಕ್ಕೂ ಅಲ್ಲ.

ಮದುವೆಯ ವಿಷಯದಲ್ಲಿ ನಮ್ಮ ಮನೆಯ ಕೊನೆಯ ಮಾತು ಅಪ್ಪನ ತಾಯಿಯದು. ನೀನೇ ಬಂದು ನೋಡು, ನೋಡಿ ಬೇಡವೆಂದರೆ ನಾನು ತುಟಿ ಬಿಚ್ಚುವುದಿಲ್ಲ ಎಂದು ಅಜ್ಜಿಯ ಬೆನ್ನು ಬಿದ್ದೆ. ಸಿನಿಮಾ ಎಂದರೆ ಮನೆಹಾಳು ಎನ್ನುತ್ತಿದ್ದ ಅಜ್ಜಿ ಒಳ್ಳೆಯ ಸೀರೆ ಉಟ್ಟುಕೊಂಡು ನಮ್ಮೆಲ್ಲರಿಗಿಂತ ಮೊದಲು ಗಾಡಿ ಹತ್ತಿದಳು. ಮಧ್ಯಾಹ್ನದ ಆಟ. ಹೆಂಗಸರ ಬೆಂಚಿನಲ್ಲಿ ನಾವಿಬ್ಬರು, ಗಂಡಸರ ಕಡೆ ಮುಖ ಊದಿಸಿಕೊಂಡ ಅಪ್ಪ.

ಎಲೆಯಡಿಕೆಯ ದೃಶ್ಯಕ್ಕೆ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಬದುಕು ಆ ಬಿಳಿ ಬಟ್ಟೆಯ ಮೇಲೆ ಓಡಾಡುತ್ತಿತ್ತು. ಮದುವೆಯ ಚಪ್ಪರ ಕಂಡದ್ದೇ ಅಜ್ಜಿ ಎದ್ದು ಪರದೆಯ ಬುಡಕ್ಕೇ ನಡೆದಳು. ಹಿಂದಿನವರು ಕೂತ್ಕೋ ಅಜ್ಜಿ ಎಂದು ತಮಿಳಿನಲ್ಲಿ ಕೂಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ವಾದ್ಯ ಜೋರಾಯಿತು. ಅವನು ಹುಡುಗಿಯ ಕುತ್ತಿಗೆಗೆ ದಾರ ಬಳಸಿ ಒಂದು ಗಂಟು ಹಾಕಿದ. ಕೋಳಿ ಕೂಗಿತು. ಚಪ್ಪರದ ಸಂದಿನಿಂದ ಬಿಸಿಲು ಬಿತ್ತು. ಗಂಡೂ ಹೆಣ್ಣೂ ಪುರೋಹಿತರನ್ನು ಕೆಡವಿಕೊಂಡು ಗಿರಣಿಯ ಕತ್ತಲ ಗೋದಾಮಿಗೆ ಓಡಿದರು.

ರೀಲು ಬದಲಿಸಲು ದೀಪ ಹಾಕಿದರು. ಅಜ್ಜಿ ಅಲ್ಲಿಂದಲೇ ಗಂಡಸರ ಕಡೆ ತಿರುಗಿದಳು.

"ಏನಪ್ಪಾ, ಒಂದ್ ಮುಡಿಚ್ಚು ತಾನೆ ಹಾಕಿದ್ದು? ಮಿಕ್ಕ ಎರಡು ಹಾಕೋಕೆ ನಾತ್ತನಾರು ಎಲ್ಲಿ? ಮೂರ್ ಮುಡಿಚ್ಚು ಬೀಳ್ದೆ ಇದ್ರೆ ಅದು ಕಲ್ಯಾಣ ಅಲ್ಲ, ಬರೀ ನೂಲು."

ನಮ್ಮವರಲ್ಲಿ ವರ ಹಾಕುವುದು ಮೊದಲನೆಯ ಗಂಟು ಮಾತ್ರ. ಉಳಿದೆರಡನ್ನು ಹಾಕಿ ಬಿಗಿಯುವವಳು ಹಿಂದೆ ನಿಂತ ಅವನ ಅಕ್ಕನೋ ತಂಗಿಯೋ, ಹೆಣ್ಣಿನ ನಾದಿನಿ. ಮಾವ ದಾರ ನೋಡಿದ್ದ, ಮಂತ್ರ ಕೇಳಿದ್ದ, ಗಂಟನ್ನು ಎಣಿಸಿರಲಿಲ್ಲ. ಕನ್ನಡ ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರಿಗೆ ಅವರು ತಮಿಳಿನಲ್ಲಿ ಹೇಳಿದರು, ಬೆಂಚಿನಿಂದ ಬೆಂಚಿಗೆ ನಗು ಹರಿಯಿತು. ಅಪ್ಪ ಹೆಗಲ ವಸ್ತ್ರ ಸರಿಪಡಿಸಿಕೊಂಡು ಎದ್ದು ನಿಂತರು. "ಸರಿ ಅವ್ವ" ಎಂದರು. ಉಳಿದ ಸಿನಿಮಾವನ್ನು ನಾನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು ನೋಡಿದೆ.

ಹೆಣ್ಣಿನ ಕಡೆಯವರು ಬಂದಿದ್ದಾರೆಂದು ಯಾರೋ ಹೇಳಿ, ಹುಡುಗ ಟಾಕೀಸಿನ ಬಾಗಿಲ ಹೊರಗೆ ಬಂದು ನಿಂತಿದ್ದ. ಬಣ್ಣ ಹಚ್ಚಿದಾಗ ಕೂಡ ಮುಖ ಅಷ್ಟು ಬಿಳಿಚಿರಲಿಲ್ಲ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ವೆತ್ತಲೆಪಾಕು ತಗೊಂಡು ಬಾ. ಅಕ್ಕನ್ನೂ ಕೂಟಿಕೊಂಡು ಬಾ" ಎಂದಳು.

ಎಲೆಯಡಿಕೆ ಬಂದು ತಾಂಬೂಲವಾಗುವ ಮುಂಚೆ ಹೆಣ್ಣು ಬೀದಿಯಲ್ಲಿ ಗಂಡಿನ ಮುಖ ನೋಡಬಾರದು. ನಾನು ನೋಡಿದೆ. ಸುಡುವ ಬಿಸಿಲಿನಲ್ಲಿ, ಸಿನಿಮಾ ಬಿಟ್ಟ ಜನವೆಲ್ಲ ಸುತ್ತ ನಿಂತಿರುವಾಗ, ತಲೆಯೆತ್ತಿ ನೋಡಿದೆ. ಅವನೇ ನಾಚಿ ಕಣ್ಣು ತಗ್ಗಿಸಿದ. ಅಪ್ಪ ಗಾಡಿ ಹತ್ತು ಎಂದರು. ನನಗೆ ಸಾಕೆನ್ನಿಸುವಷ್ಟು ನೋಡಿ ಆಮೇಲೆ ಹತ್ತಿದೆ.