ಕಡಲಿಗೆ ಹೋದ ರೊಟ್ಟಿ ಬುಟ್ಟಿ

ಔಷಧ ದುಬಾರಿಯಾದಷ್ಟೂ ಗುಣ ಜೋರು ಎಂದು ನಮ್ಮಪ್ಪ ನಂಬಿದ್ದ. ಮುದ್ದೇಬಿಹಾಳದ ಕೋರ್ಟಿನಲ್ಲಿ ವಕೀಲ. ಎದುರಿನವರ ಮಾತಿನ ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ, ತನ್ನ ನಂಬಿಕೆಯ ಹುಳುಕು ಮಾತ್ರ ಅವನಿಗೆ ಕಾಣುತ್ತಿರಲಿಲ್ಲ. ವಿಜಾಪುರದ ಡಾಕ್ಟರು, "ನಿಮ್ಮ ಮನಿಯವರಿಗೆ ಹವಾ ಬದಲಾದ್ರ ಛಲೋ ಆಗ್ತೈತಿ, ಎಲ್ಲ್ಯರೆ ಕರಕೊಂಡು ಹೋಗ್ರಿ" ಅಂದದ್ದೇ ತಡ, ಗೋವಾದಲ್ಲಿ ಸಿರಿವಂತರು ಇಳಿಯುವ ಕಡಲ ದಂಡೆಯ ಹೋಟೆಲಿಗೆ ತಂತಿ ಕಳಿಸಿಬಿಟ್ಟ. ಅವ್ವನ ತವರು ಬಸವನ ಬಾಗೇವಾಡಿ, ಬಸ್ಸು ಹತ್ತಿದರೆ ಹೊತ್ತೇರುವುದರೊಳಗೆ ಮುಟ್ಟಬಹುದಿತ್ತು. ಅಲ್ಲಿಯ ಹವಾ ಅಗ್ಗದ್ದು, ಅಪ್ಪನಿಗೆ ನಡೆಯಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ನಾನು ಹೈಸ್ಕೂಲಿನಲ್ಲಿದ್ದೆ. ಹಿಂದಿನ ಶ್ರಾವಣದಲ್ಲಿ ನನಗೊಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿದ್ದ. ಅವ್ವ ಹಸಿ ಬಾಣಂತಿ, ಹೊರಸು ಬಿಟ್ಟು ಏಳುವಂತಿರಲಿಲ್ಲ. ಗಂಡಸರು ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ನಮ್ಮ ಹೊಲದಲ್ಲಿ ಮಣ್ಣು ಮಾಡಿ, ಕೈಕಾಲು ತೊಳೆದುಕೊಂಡು ಒಳಗೆ ಬಂದರು. ಅಂದಿನಿಂದ ಅವ್ವ ಮಾತು ಕಡಿಮೆ ಮಾಡಿದಳು. ಹೂಂ, ಬ್ಯಾಡ, ಆತು. ಈ ಮೂರರಲ್ಲೇ ಅವಳ ಸಂಸಾರ ನಡೆಯುತ್ತಿತ್ತು.

ನಮ್ಮ ಕಡೆ ಬೆಳಗಾದದ್ದು ಗೊತ್ತಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ಯಾವ ಸಪ್ಪಳ ಯಾರ ಮನೆಯದೆಂದು ಓಣಿಯ ಹೆಂಗಸರು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಅವ್ವನ ಸಪ್ಪಳ ನಿಂತುಹೋಗಿತ್ತು. ಅಪ್ಪನ ತಾಯಿ, ನಮ್ಮ ಆಯಿ, ವಯಸ್ಸಾದ ಕೈಯಲ್ಲಿ ಅಷ್ಟಿಷ್ಟು ಬಡಿದು ಹಾಕುತ್ತಿದ್ದಳು. ಅವು ರೊಟ್ಟಿಯಾಗುತ್ತಿದ್ದವು, ಅಷ್ಟೇ.

ಗೋವಾದ ಮಾತು ಬಂದ ದಿನ ಅವ್ವ ಬಾಯಿ ಬಿಟ್ಟಳು. "ಆ ಹೋಟೆಲಿನ್ಯಾಗ ಮೀನಾ ಬೇಯಸ್ತಾರಂತ. ನಾ ಅಲ್ಲಿ ಉಣ್ಣಂಗಿಲ್ಲರಿ." ಎಷ್ಟೋ ತಿಂಗಳುಗಳಲ್ಲಿ ಅವಳಾಡಿದ ಉದ್ದದ ಮಾತು ಅದೇ. ಅಪ್ಪ ಹಿಗ್ಗಿ, "ಹಂಗಾರ ಬುತ್ತಿ ಕಟ್ಟು, ಯಾರು ಬ್ಯಾಡ ಅಂದ್ರು?" ಅಂದ.

ಹೊರಡುವ ಹಿಂದಿನ ದಿನ ನಸುಕಿನಲ್ಲಿ ನನಗೆ ಎಚ್ಚರವಾದದ್ದು ಅವ್ವನ ಸಪ್ಪಳಕ್ಕೆ. ಎದ್ದು ಓಡಿದೆ. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಹಲ್ಲುಪುಡಿ ಹಚ್ಚಿದ ಬೆರಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಒಳಗೆ ಅವ್ವ, ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತ, ರೊಟ್ಟಿ ಬಡಿದು ಹಂಚಿಗೆ ಹಾಕುತ್ತಿದ್ದಳು. "ಇನ್ನಾ ರೈಲ ಹತ್ತಿಲ್ಲ, ಔಷಧ ಕೆಲಸಾ ಮಾಡಾಕತ್ತೈತಿ ನೋಡು" ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದ. ಅವನ ಕಣ್ಣು ತುಂಬಿದ್ದವು. ನಾನೂ ನಂಬಿದೆ. ಅವ್ವ ನಮಗೆ ವಾಪಸು ಸಿಕ್ಕಳು ಅಂದುಕೊಂಡೆ.

ತೆಳ್ಳಗೆ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿ. ನಾನು ಡಬ್ಬಿ ತಂದರೆ ಆಯಿ ಬೈದಳು. "ಡಬ್ಬ್ಯಾಗ ಹಾಕಬ್ಯಾಡ, ರೊಟ್ಟಿಗೆ ಗಾಳಿ ಬೇಕು." ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಅಪ್ಪನ ಹಳೆಯ ಧೋತರದ ತುಂಡು ಹೊದಿಸಿದರು. ನಮ್ಮ ಎರೆ ಸೀಮೆಯ ಒಣ ಗಾಳಿಯಲ್ಲಿ ಹೀಗಿಟ್ಟ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಎಲ್ಲ ಊರಿನ ಗಾಳಿಯೂ ನಮ್ಮ ಊರಿನ ಗಾಳಿಯೇ ಎಂದು ತಿಳಿದವರು ನಾವು. ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ.

ಆಲಮಟ್ಟಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಿಸಿ, ಘಟ್ಟ ಇಳಿದೆವು. ದಾರಿಯುದ್ದಕ್ಕೂ ಬುಟ್ಟಿ ಅವ್ವನ ತೊಡೆಯ ಮೇಲಿತ್ತು. ಹೋಟೆಲಿನಲ್ಲಿ ಸಮವಸ್ತ್ರದವನೊಬ್ಬ ಅದನ್ನು ಇಸಿದುಕೊಳ್ಳಲು ಬಂದರೆ ಅವಳು ಕೊಡಲಿಲ್ಲ. ದಂಡೆಯ ತುಂಬ ಬಣ್ಣದ ಛತ್ರಿಗಳು, ಬೆತ್ತದ ಕುರ್ಚಿಗಳು. ಬೊಂಬಾಯಿಯ ಸಾಹುಕಾರರು, ದೊರೆಸಾನಿಯರು ಸುಖಪಡುವುದೂ ಒಂದು ನೌಕರಿಯೆಂಬಂತೆ ಮೈಚಾಚಿ ಬಿದ್ದಿದ್ದರು. ನಮ್ಮಲ್ಲಿ ಬಿಸಿಲಿಗೆ ಹಾಕುವುದು ಮೆಣಸಿನಕಾಯಿಯನ್ನು. ನನಗೆ ಆ ಊರಿನ ಮೇಲೆ ಮೊದಲ ನೋಟಕ್ಕೇ ಸಿಟ್ಟು ಬಂತು.

ಆದರೂ ಮೊದಲ ದಿನ ಚೆನ್ನಾಗಿತ್ತು. ಕೋಣೆಯ ನುಣುಪು ನೆಲದ ಮೇಲೆ ಕೂತು ಮೂವರೂ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸಂಜೆ ದಂಡೆಗೆ ಹೋದಾಗ ಅವ್ವ ದೂರವೇ ನಿಂತಳು. ಅಪ್ಪ ಮೊಣಕಾಲವರೆಗೆ ಧೋತರ ಎತ್ತಿಕೊಂಡು ನೀರಿನಲ್ಲಿ ನಿಂತು, "ಊರಿಗೆ ಬಂದಾಕಿ ನೀರಿಗೆ ಬರಲಾರ್ದ ಇರ್ತಾಳೇನು?" ಎಂದು ಚೇಷ್ಟೆ ಮಾಡಿದ. ಅವ್ವನ ತುಟಿಯ ಅಂಚು ಸ್ವಲ್ಪ ಅಲುಗಿತು. ಎರಡು ಹೆಜ್ಜೆ ಮುಂದೆ ಬಂದು, ನೊರೆ ಪಾದಕ್ಕೆ ತಾಕುವಷ್ಟು ಹೊತ್ತು ನಿಂತಳು.

ಮರುದಿನ ಊಟಕ್ಕೆ ಕೂತು ಅವ್ವ ರೊಟ್ಟಿ ಮುರಿದಳು. ಅದು ಮುರಿಯಲಿಲ್ಲ, ಮಡಿಚಿಕೊಂಡಿತು. ಇನ್ನೊಂದು ತೆಗೆದಳು, ಅದೂ ಹಾಗೇ. ಎಲ್ಲವನ್ನೂ ಒಯ್ದು ವರಾಂಡದ ಬಿಸಿಲಿಗೆ ಹರವಿದಳು. ಆ ಬಿಸಿಲಿನ ಜೊತೆಗೇ ಕಡಲಿನ ಗಾಳಿ ಬೀಸುತ್ತಿತ್ತು. ಅದರ ಮರುದಿನಕ್ಕೆ ರೊಟ್ಟಿಗಳ ಅಂಚಿನಲ್ಲಿ ಹಸಿರು ಬೂಷ್ಟು ಬಂದಿತ್ತು.

"ಬಿಡು, ಬ್ರೆಡ್ಡು ಬೆಣ್ಣಿ ತರಸ್ತೇನಿ" ಅಂದ ಅಪ್ಪ.

ಅವ್ವ ಬುಟ್ಟಿಯನ್ನೇ ನೋಡುತ್ತ, "ನನ್ನ ಕೈಯಾಗಿಂದು ಯಾವುದೂ ಉಳಿಯಂಗಿಲ್ಲರಿ" ಅಂದಳು.

ಅಪ್ಪ ಗಾಳಿಯ ತೇವದ ಬಗ್ಗೆ, ಉಪ್ಪಿನ ಬಗ್ಗೆ ಏನೇನೋ ವಿವರಿಸಿದ. ಕೋರ್ಟಿನಲ್ಲಿ ಅದು ನಡೆಯುತ್ತಿತ್ತೇನೋ. ಅವಳಿಗೆ ಒಂದೂ ಕೇಳಿಸಲಿಲ್ಲ.

ಹೊತ್ತು ಮುಳುಗುವ ಮುಂದೆ ಅವ್ವ ಬುಟ್ಟಿ ಎತ್ತಿಕೊಂಡು ಹೊರಟಳು. ನಾವಿಬ್ಬರೂ ಹಿಂದೆ ಹೋದೆವು. ಗ್ಲಾಸು ಹಿಡಿದು ಕೂತವರ ನಡುವೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ನಡೆದು, ನೀರಿಗೆ ಸ್ವಲ್ಪ ದೂರದಲ್ಲಿ ಕುಕ್ಕರಿಸಿದಳು. ಎರಡೂ ಕೈಯಿಂದ ಉಸುಕು ತೋಡಿದಳು. ರೊಟ್ಟಿಗಳನ್ನು ಧೋತರದ ಬಿಳಿ ತುಂಡಿನಲ್ಲಿ ಸುತ್ತಿ, ತಗ್ಗಿನಲ್ಲಿ ಇಟ್ಟು, ಉಸುಕು ಎಳೆದಳು. ಆಮೇಲೆ ಅಂಗೈಯಿಂದ ಮೇಲೆ ತಟ್ಟುತ್ತ ಕೂತಳು. ರೊಟ್ಟಿ ಬಡಿದಂತೆ ಅಲ್ಲ, ಕೂಸನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ. ಆ ಶ್ರಾವಣದಲ್ಲಿ ತನಗೆ ಮಾಡಲು ಕೊಡದೇ ಹೋದದ್ದನ್ನು ಅವ್ವ ಈಗ ಮಾಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅಪ್ಪನಿಗೂ ಗೊತ್ತಾಗಿರಬೇಕು. ಅವನು ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದ.

ಬೆಳಿಗ್ಗೆ ಅವಳು ನಮಗಿಂತ ಮೊದಲೇ ದಂಡೆಯಲ್ಲಿದ್ದಳು. ಉಬ್ಬರದ ನೀರು ಬಂದು ಹೋಗಿ ಉಸುಕೆಲ್ಲ ಸಾರಿಸಿದ ಅಂಗಳದ ಹಾಗೆ ಸಪಾಟಾಗಿತ್ತು. ಅವ್ವ ಅಲ್ಲಿ ಇಲ್ಲಿ ಕೈಯಿಂದ ಕೆದಕಿ ನೋಡಿದಳು. ಎದ್ದು ಬಂದು ಅಪ್ಪನ ಎದುರು ನಿಂತಳು.

"ಅವನನ್ನ ಎಲ್ಲಿ ಇಟ್ಟೀರಿ?"

ಅಪ್ಪನಿಗೆ ಅರ್ಥವಾಯಿತು. ಹೊಲದ ಬನ್ನಿ ಗಿಡದ ಆಚೆ ಅಂದ. ಆಚೆ ಅಂದರೆ ಎಲ್ಲಿ ಎಂದು ಅವಳು ಕೇಳಿದಳು. ಅಪ್ಪ, "ಎಳೀ ಕೂಸಿಗೆ ಕಲ್ಲು ಇಡೂದಿಲ್ಲಲ್ಲ. ಮ್ಯಾಲ ಮಳಿ ಬಂತು. ಹೊಲಾ ಹರಗಿದ್ರು, ಹಿಂಗಾರಿ ಬಿತ್ತಿಗಿ ಆತು. ಈಗ ಗುರ್ತ ಸಿಗಂಗಿಲ್ಲ" ಅಂದ.

"ಆತು" ಅಂದಳು ಅವ್ವ.

ಅಂದೇ ರೈಲು ಹತ್ತಿದೆವು. ಖಾಲಿ ಬುಟ್ಟಿಯನ್ನು ಅಪ್ಪ ಹಿಡಿದುಕೊಂಡಿದ್ದ. ಹೋಗುವಾಗ ಇದ್ದ ಆಸೆ ಬರುವಾಗ ಇರಲಿಲ್ಲ. ಆಸೆ ಪಟ್ಟದ್ದಕ್ಕೇ ನಾಚಿಕೆಯಾಗುತ್ತಿತ್ತು. ಊರಿಗೆ ಬಂದ ಮೇಲೆ ಅವ್ವ ರೊಟ್ಟಿ ಬಡಿಯಲಿಲ್ಲ. ಆಯಿ ಹೋದ ಮೇಲೆ ಆ ಕೆಲಸಕ್ಕೆ ಹೆಂಗಸೊಬ್ಬಳನ್ನು ಇಟ್ಟುಕೊಂಡೆವು.

ಅವ್ವ ಆಮೇಲೂ ಬಹಳ ವರ್ಷ ಬದುಕಿದಳು. ಬಿತ್ತಿಗೆಗೆ, ಸುಗ್ಗಿಗೆ ಎಲ್ಲರ ಜೊತೆ ಹೊಲಕ್ಕೂ ಬರುತ್ತಿದ್ದಳು. ಆದರೆ ಬದುವಿನ ಮೇಲಷ್ಟೇ ನಡೆಯುತ್ತಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಯಾರು ಎಷ್ಟು ಕರೆದರೂ ಒಳಗೆ ಕಾಲಿಡುತ್ತಿರಲಿಲ್ಲ. ಎಲ್ಲಿ ತುಳಿದುಬಿಡುತ್ತೇನೋ ಎಂದು ಅವಳಿಗೆ ಹೆದರಿಕೆ.