ಅಕ್ಕನ ನಲವತ್ತೆಂಟು ಮೆಟ್ಟಿಲು

ಇವತ್ತು ಬೆಳಿಗ್ಗೆ ಮೆಟ್ರೋದಲ್ಲಿ ಪಕ್ಕ ಕುಳಿತವರಿಂದ ನೋವಿನ ಮುಲಾಮಿನ ವಾಸನೆ ಬಂತು. ನಿಮಗಾದರೆ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತಿತ್ತೇನೋ. ನನಗೆ ನಾಲ್ಕು ವರ್ಷದ ಹಿಂದಿನ ಅಕ್ಕನ ನಡುಮನೆ ಕಣ್ಣಿಗೆ ಕಟ್ಟಿತು.

ಅಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಹೊಲಿಗೆ ಮಷಿನ್ ಮುಂದೆ ಕೂತವಳು. ಕೆಲಸ ಬಿಡುವ ಹೊತ್ತಿಗೆ ಎರಡೂ ಮಂಡಿ ಮುಷ್ಕರ ಹೂಡಿದ್ದವು. ಅತ್ತಿಗುಪ್ಪೆಯ ಅವಳ ಮನೆಗೆ ಮೆಟ್ಟಿಲಿಲ್ಲ, ಹೇಗೋ ನಡೆಯುತ್ತಿತ್ತು. ಆದರೆ ಫ್ಯಾಕ್ಟರಿಯಲ್ಲಿ ಪಕ್ಕದ ಮಷಿನ್ನಿಗೆ ಕೂರುತ್ತಿದ್ದ ಗೆಳತಿ ಪುಟ್ಟಲಕ್ಷ್ಮಿ ಇದ್ದದ್ದು ಚಂದ್ರಾ ಲೇಔಟ್‌ನಲ್ಲಿ, ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ. ಕಣ್ಣು ಮಂಜಾಗಿ ಆಕೆ ಕೆಳಗಿಳಿಯುವುದನ್ನು ಬಿಟ್ಟ ಮೇಲೆ ಇಬ್ಬರ ನಡುವೆ ಫೋನೊಂದೇ ಉಳಿಯಿತು.

"ದನಿ ಕೇಳಿದ್ರೆ ಸಾಲಲ್ಲ ಕಣೋ, ಅವಳ ಮುಖ ನೋಡ್ಬೇಕು," ಎಂದಳು ಅಕ್ಕ ಒಂದು ದಿನ.

ಅಷ್ಟು ಸಾಕಾಯಿತು, ನಾನು ಗುರುವಾಗಿಬಿಟ್ಟೆ. ಮೊಬೈಲಿನಲ್ಲಿ ನೋಡಿದ ನಾಲ್ಕು ವಿಡಿಯೋ ನನ್ನ ವಿದ್ವತ್ತು. ವಾಕಿಂಗ್ ಷೂ ಕೊಂಡು ಹಾಲು ತರಲು ಮಾತ್ರ ಹಾಕಿಕೊಳ್ಳುತ್ತಿದ್ದವನು ನಾನು ಎಂಬುದು ಬೇರೆ ಮಾತು. ಮೊದಲ ದಿನವೇ ಪಾರ್ಕಿನಲ್ಲಿ ಮೂರು ಸುತ್ತು ಬಿರುಸಿನ ನಡಿಗೆ ಮಾಡಿಸಿ, ಅದರ ಮೇಲೆ ಹತ್ತು ಬಸ್ಕಿ ಹೊಡೆಸಿದೆ. ಸಂಜೆಗೆ ಮಂಡಿ ತೆಂಗಿನಕಾಯಿಯಷ್ಟು ಊದಿತು. ಅಕ್ಕ ಬೈಯಲಿಲ್ಲ; ಮುಲಾಮು ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಹುಡುಗಿ ನಡೆದದ್ದನ್ನೆಲ್ಲ ಕೇಳಿ, "ಏನ್ ಸಾರ್, ಆಂಟೀನ ಮಿಲಿಟರಿಗೆ ಸೇರಿಸ್ಬೇಕಿತ್ತಾ?" ಎಂದಳು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರವನ್ನು ಬಹಳ ಗಮನವಿಟ್ಟು ನೋಡಿದೆ. ಆಮೇಲೆ ಅವಳು, ನನಗೆ ಹೊಳೆದೇ ಇರದಿದ್ದ ಪ್ರಶ್ನೆ ಕೇಳಿದಳು: "ಆಂಟಿ, ನಿಮಗೆ ಏನು ಮಾಡೋಕಾಗ್ಬೇಕು?"

"ನಲವತ್ತೆಂಟು ಮೆಟ್ಟಿಲು ಹತ್ಬೇಕಮ್ಮ," ಎಂದಳು ಅಕ್ಕ. ಪುಟ್ಟಲಕ್ಷ್ಮಿ ಎಣಿಸಿ ಹೇಳಿದ್ದಳಂತೆ.

"ಹತ್ತುತ್ತೀರ. ಆತುರ ಮಾತ್ರ ಬೇಡ."

ಮೊದಲು ಕೈಕಾಲು ಸಡಿಲಿಸಿಕೊಳ್ಳಬೇಕು. ಆಮೇಲೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, ಅಷ್ಟೇ, ಮರುದಿನ ಬಿಡುವು. ನಡೆಯುವಾಗ ಮಾತಾಡಲು ಉಸಿರು ಉಳಿದಿರಬೇಕು. ಮಂಡಿ ಚುಚ್ಚಿದರೆ ನಿಲ್ಲಿಸಬೇಕು. ಸಲೀಸಾದ ಮೇಲಷ್ಟೇ ಒಂದೊಂದು ಹೆಚ್ಚಿಸುವುದು. ಅಕ್ಕ ಹೊಲಿಗೆಯವಳಲ್ಲವೇ, ಅಳತೆ ಮೀರುವವಳಲ್ಲ. ಒದ್ದಾಡಿದವನು ನಾನು. "ಐದೇನಾ? ಇನ್ನೆರಡು ಹೊಡಿಯಕ್ಕ," ಎಂದರೆ, "ಬಿಡುವೂ ಕೆಲಸಾನೇ ಕಣೋ, ಸುಮ್ನಿರು," ಎನ್ನುತ್ತಿದ್ದಳು. ಐದು ಎಂಟಾಯಿತು, ಎಂಟು ಹನ್ನೆರಡಾಯಿತು. ಆಮೇಲೆ ಹೊಸಿಲಿನ ಎತ್ತರದ ಹಲಗೆ ಹತ್ತಿ ಇಳಿಯುವ ಅಭ್ಯಾಸ. ಅದೂ ಮುಗಿದು ಪಕ್ಕದ ಮನೆಯ ಮೆಟ್ಟಿಲು, ಮೊದಲ ದಿನ ಮೂರೇ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಚಂದ್ರಾ ಲೇಔಟ್‌ಗೆ ಹೋದೆವು. ಅಕ್ಕ ಕಂಬಿ ಹಿಡಿದು, ಪ್ರತಿ ಮಹಡಿಯಲ್ಲೂ ನಿಂತು, ನಿಧಾನಕ್ಕೆ ಹತ್ತಿದಳು. ಗುರುಗಳಾದ ನಾವು ಎರಡನೇ ಮಹಡಿಯಲ್ಲೇ ಏದುಸಿರು ಬಿಡುತ್ತಿದ್ದೆವು. ಮೇಲೆ ಬಾಗಿಲು ತೆರೆದ ಸದ್ದಾಯಿತು.

"ಯಾರು?" ಎಂದಳು ಪುಟ್ಟಲಕ್ಷ್ಮಿ.

"ಪಕ್ಕದ ಮಷಿನ್ನಿನವಳು ಕಣೇ!"

ನಾನು ಮೇಲೆ ತಲುಪಿದಾಗ ಪುಟ್ಟಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಅಕ್ಕನ ಮುಖವನ್ನು ಸವರಿ ಸವರಿ ನೋಡುತ್ತಿದ್ದಳು. ಅಕ್ಕನ ಕೆನ್ನೆಯೆಲ್ಲ ಹಿಟ್ಟು. ಅಂಥ ಗೆಲುವಿನ ಮುಖವನ್ನು ನಾನು ಆಮೇಲೆಂದೂ ಕಂಡಿಲ್ಲ.

ಮರುದಿನವೇ ನಾನೂ ಕುರ್ಚಿಯ ಮುಂದೆ ನಿಂತೆ, ಐದರಿಂದಲೇ ಶುರು. ಇವತ್ತು ಮೆಜೆಸ್ಟಿಕ್‌ನಲ್ಲಿ ಇಳಿದು, ಎಸ್ಕಲೇಟರ್‌ಗೆ ಕಾಯುವ ಸಾಲು ಬಿಟ್ಟು ಪಕ್ಕದ ಮೆಟ್ಟಿಲು ಹಿಡಿದೆ. ಮೇಲೆ ಬಿಸಿಲಿಗೆ ಬರುವವರೆಗೂ ಉಸಿರು ನನ್ನ ಜೊತೆಗೇ ಬಂತು.