ತುಟಿ ಸಡಿಲಿಸುವ ಪಾಠ

ಮೂರು ದಿನದಿಂದ ಬೆಳಗಿನ ಕಾಫಿ ನನ್ನ ಬಾಯಿಯ ಎಡ ಅಂಚಿನಿಂದ ಸೋರುತ್ತಿದೆ. ಹೆಚ್ಚೇನಿಲ್ಲ, ಒಂದೆರಡು ಹನಿ. ಮೊದಲ ದಿನ ಲೋಟವನ್ನು ಬೈದೆ. ಎರಡನೆಯ ದಿನ ಹೆಂಡತಿ, “ಏನ್ರೀ, ಕೂಸಿನಂಗೆ ಅಂಗಿ ಮೇಲೆಲ್ಲ ಸುರ್ಕತೀರಲ್ಲ” ಎಂದು ನಕ್ಕಳು. ನಾನೂ ನಕ್ಕೆ. ನೀವೂ ನನ್ನ ಹಾಗೆ ಮೂವತ್ತು ವರ್ಷ ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದಿದ್ದರೆ ಆ ನಗು ಎಷ್ಟು ಹೊತ್ತು ಉಳಿಯಿತೆಂದು ನಿಮಗೆ ಹೇಳಬೇಕಾಗಿರಲಿಲ್ಲ. ಭಾನುವಾರ ಕನಕಪುರದಲ್ಲಿ ಮದುವೆ. ಮೇಲಿನ ಸ್ವರಗಳೆಲ್ಲ ನನ್ನವು.

ಡಾಕ್ಟರ ಹತ್ತಿರ ಹೋದೆ. ನಗಲು, ಹುಬ್ಬು ಏರಿಸಲು, ಕೆನ್ನೆ ಉಬ್ಬಿಸಲು ಹೇಳಿ ನೋಡಿದರು. “ಪಾರ್ಶ್ವವಾಯು ಅಲ್ಲ, ಹೆದರ್ಬೇಡಿ. ಸ್ನಾಯು ದಣಿದಿದೆ, ಬಿಡುವು ಕೊಡಿ” ಎಂದರು. ಹೆದರಬೇಡಿ ಎಂದವರ ಎದುರಿಗೇ ಹೆದರುವುದು ಚೆನ್ನಾಗಿರುವುದಿಲ್ಲವೆಂದು ಬಸ್‌ಸ್ಟ್ಯಾಂಡಿಗೆ ಬಂದು, ಬೆಂಚಿನ ಮೇಲೆ ಕೂತು ಹೆದರಿದೆ.

ತುಟಿಗೆ ಬಿಡುವು ಕೊಡುವುದನ್ನು ನನಗೆ ಕಲಿಸಲು ಗಫಾರ್ ಮಾಸ್ಟರು ಎಷ್ಟು ಹೆಣಗಿದ್ದರು! ರಾಮನಗರದ ನಮ್ಮ ಬ್ಯಾಂಡ್‌ಸೆಟ್ಟಿಗೆ ಅವರೇ ಯಜಮಾನರು. ಉಳಿದ ದಿನ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕೆಲಸ, ಲಗ್ನದ ತಿಂಗಳುಗಳಲ್ಲಿ ಟ್ರಂಪೆಟ್. ದಿನಾ ಬೆಳಗ್ಗೆ ಜಗಲಿಯ ಮೇಲೆ ಕೂತು ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ತುಟಿಗೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಜಟಕಾ ಕುದುರೆಯ ಹಾಗೆ ತುಟಿ ಅದುರಿಸಿ ಬುರ್ರ್ ಎನ್ನುತ್ತಿದ್ದರು. ಕೊನೆಗೆ ದವಡೆ ಜೋಲುಬಿಟ್ಟು, ಬಾಯಿ ಮುಚ್ಚಿ ಸಣ್ಣಗೆ ಗುನುಗುತ್ತಿದ್ದರು. “ಗೂಡು ಮೆತ್ತಗಾಗ್ದೆ ನೂಲು ಬರಲ್ಲ ಬೇಟಾ. ತುಟೀನೂ ಅಷ್ಟೇ” ಎನ್ನುವರು.

ಬೆಳಗ್ಗೆ ಮಾಡಿದರೆ ಸಾಲದು, ಮೆರವಣಿಗೆ ಮುಗಿದ ಮೇಲೂ ಮಾಡಬೇಕು, ಅದೂ ಊಟಕ್ಕೆ ಮುಂಚೆ. ಒಳಗೆ ಪಂಕ್ತಿ ಕೂತಿರುತ್ತಿತ್ತು, ಸಾರಿನ ಘಮ ಮೂಗಿಗೆ ಬಡಿಯುತ್ತಿತ್ತು. ನಾವು ಏಳು ಜನ ಕೆಂಪು ಕೋಟಿನವರು ಛತ್ರದ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಬುರ್ರ್ ಎನ್ನುತ್ತಿದ್ದೆವು. ಪಾತ್ರೆ ತೊಳೆಯುವ ಹೆಂಗಸರು, “ಬ್ಯಾಂಡ್‌ನೋರ್ಗೆಲ್ಲ ಒಟ್ಗೆ ಚಳಿಜ್ವರ ಬಂದ್ಬುಡ್ತು” ಎಂದು ನಗುವರು. ನನಗೋ ಪ್ರಾಣ ಹೋದಂತಾಗುತ್ತಿತ್ತು. ಮೆಲ್ಲಗೆ ಜಾರಿಕೊಂಡು ಪಂಕ್ತಿ ಸೇರುತ್ತಿದ್ದೆ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಟ್ರಂಪೆಟ್ಟನ್ನು ಒತ್ತಿ ಊದಿದರೆ ತುಟಿಯ ಮೇಲೆ ಉಂಗುರದ ಹಾಗೆ ಕೆಂಪು ಗುರುತು ಬೀಳುತ್ತದೆ. ಅದು ನನಗೆ ಮೆಡಲ್ಲು! ಗುರುತು ಮಾಸುವ ಮೊದಲೇ ಸಿಕ್ಕವರಿಗೆಲ್ಲ ಮುಖ ತೋರಿಸಿ ಬರುತ್ತಿದ್ದೆ. ಮಾಸ್ಟರು ನೋಡಿ, “ಅರೇ, ಅದು ಗಾಯ ಕಣಪ್ಪ” ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು.

ಒಂದು ವರ್ಷ ಲಗ್ನದ ತಿಂಗಳಲ್ಲೇ ಅವರು ಜ್ವರ ಬಂದು ಮಲಗಿದರು. ನಾಲ್ಕು ದಿನಕ್ಕೆ ನಾಲ್ಕು ಮದುವೆ, ಮುಂದಾಳು ನಾನು. ಬಿಸಿಬಟ್ಟೆಯಿಲ್ಲ, ಬುರ್ರ್ ಇಲ್ಲ, ಬರೀ ಒತ್ತು. ನಾಲ್ಕನೆಯದು ಮಾಗಡಿ ಕಡೆಯ ಕಲ್ಯದಲ್ಲಿ. ಗಂಡಿನವರನ್ನು ಎದುರುಗೊಳ್ಳುವ ಹೊತ್ತಿಗೆ ನನ್ನ ಟ್ರಂಪೆಟ್ಟಿನಿಂದ ಬರೀ ಗಾಳಿ ಬಂತು. “ಯಾಕ್ಲಾ ನಿಲ್ಸ್‌ಬುಟ್ಟೆ, ಊದ್ಲಾ!” ಎಂದು ಯಾರೋ ಕೂಗಿದರು. ಹೇಗಿದ್ದಾನೋ ಹುಡುಗ ಎಂದು ಮಫ್ಲರ್ ಸುತ್ತಿಕೊಂಡು ನೋಡಲು ಬಂದಿದ್ದ ಮಾಸ್ಟರು ಹಿಂದಿನಿಂದ ಬಂದು, ನನ್ನ ಕೈಯಿಂದ ಟ್ರಂಪೆಟ್ ತೆಗೆದುಕೊಂಡರು. ತುಟಿಯನ್ನು ಹದ ಮಾಡಿಕೊಳ್ಳಲು ಸಮಯವಿರಲಿಲ್ಲ. ಜ್ವರದ ಮೈಯಲ್ಲೇ, ಒತ್ತಿ ಒತ್ತಿ, ಛತ್ರದ ಬಾಗಿಲವರೆಗೂ ನನ್ನ ಸ್ವರಗಳನ್ನೆಲ್ಲ ಊದಿದರು.

ಅದಾದ ಮೇಲೆ ಮೇಲಿನ ಸ್ವರ ಅವರಿಗೆ ಮತ್ತೆ ಸಿಗಲಿಲ್ಲ. “ವಯಸ್ಸಾಯ್ತು ಬೇಟಾ, ಇನ್ ನೀನೇ ಊದು” ಎಂದು ತಾಳ ಹಿಡಿದರು. ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಆಗ ಅವರಿಗೆ ನನ್ನ ಈಗಿನ ವಯಸ್ಸೂ ಆಗಿರಲಿಲ್ಲ.

ಟ್ರಂಪೆಟ್ ಬಿಟ್ಟ ಮೇಲೂ, ತೀರಿಕೊಳ್ಳುವವರೆಗೂ, ಅವರು ಜಗಲಿಯ ಮೇಲಿನ ಆ ವ್ಯಾಯಾಮ ಬಿಡಲಿಲ್ಲ. ಹಳೇ ಚಾಳಿ ಎಂದುಕೊಂಡಿದ್ದೆ. ಇವತ್ತು ಬೆಳಗ್ಗೆ ಬಿಸಿಬಟ್ಟೆ ಇಟ್ಟುಕೊಂಡು ನಾನೂ ತುಟಿ ಅದುರಿಸಿದೆ. ಬಲಗಡೆ ಬುರ್ರ್ ಎಂದಿತು, ಎಡಗಡೆ ಸುಮ್ಮನಿತ್ತು. ಮತ್ತೆ ಮಾಡಿದೆ. ಮತ್ತೆ. ಹತ್ತನೆಯ ಸಲಕ್ಕೋ ಏನೋ ಹೊಳೆಯಿತು. ಮಾಸ್ಟರು ಅಷ್ಟು ವರ್ಷ ದಿನಾ ಬೆಳಗ್ಗೆ, ಹೋದದ್ದು ವಾಪಸ್ ಬಂತಾ ಎಂದು ನೋಡಿಕೊಳ್ಳುತ್ತಿದ್ದರು. ಒಂದು ದಿನವೂ ನಾನು ಕೇಳಲಿಲ್ಲ.

ನಮ್ಮ ಸೆಟ್ಟಿನ ಎರಡನೆಯ ಟ್ರಂಪೆಟ್ಟಿನ ಶಂಕರನಿಗೆ ಫೋನ್ ಮಾಡಿದೆ. “ಭಾನ್ವಾರ ಮೇಲಿನ್ ಸ್ವರ ನೀನೂದ್ಲಾ.”

“ಯಾಕಣ್ಣೋ, ವಯಸ್ಸಾಯ್ತಾ?” ಎಂದು ನಕ್ಕ.

ಹೂಂ ಎಂದುಬಿಡಬಹುದಿತ್ತು. “ಇಲ್ಲ ಕಣ್ಲಾ. ತುಟಿ ಕೆಟ್ಟೈತೆ. ಭಯ ಆಯ್ತೈತೆ ನಂಗೆ.”

ಆ ಕಡೆ ಶಂಕರ ದನಿ ತಗ್ಗಿಸಿದ.

“ನಂದೂ ಒಸಿ ಹಂಗೇ ಆಗೈತೆ ಕಣಣ್ಣ,” ಎಂದ ಶಂಕರ. “ಯಾರ್ಗೂ ಹೇಳಿಲ್ಲ.”

“ಭಾನ್ವಾರ ಇಬ್ರೂ ಕೆಳಗಿನ್ ಸ್ವರದಲ್ಲೇ ಊದಾನ. ಈಗ ಮನೇತಾವ ಬಾ,” ಎಂದೆ. “ಟ್ರಂಪೆಟ್ ತರ್ಬ್ಯಾಡ.”